ಕೊಟ್ಟಿಗೆಯ ದೀಪ ಮಂಕಾದದ್ದೇಕೆ?

ಮಕ್ಕಳೇ, ಹೋದ ವಾರ ಹೊಲಿಗೆ ಯಂತ್ರದ ದಾರ ಪದೇ ಪದೇ ತುಂಡಾಗುವ ಕತೆ ಹೇಳಿದ್ದೆ. ಈ ವಾರ ಮಿಕ್ಸಿ ಬಿಚ್ಚೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಹಿತ್ತಲಲ್ಲೇ ಒಂದು ಪಾಠವಾಯಿತು. ಪಾಠ ಆದದ್ದು ನನಗೆ, ಮಾಡಿದ್ದು ನಿಮ್ಮ ವಯಸ್ಸಿನವಳು. ಮಿಕ್ಸಿ ಇನ್ನೊಂದು ವಾರ ಕಾಯಲಿ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಹಿಂಬಾಗಿಲು ದಾಟಿದರೆ ಬಚ್ಚಲುಮನೆ, ಆಮೇಲೆ ಬಾವಿಕಟ್ಟೆ, ಅದರಾಚೆ ನಾಲ್ಕು ಕಲ್ಲಿನ ಮೆಟ್ಟಿಲಿಳಿದರೆ ಕೊಟ್ಟಿಗೆ. ಈ ದಾರಿಗೆ ಮೂರು ದೀಪ ಹಾಕಿದ್ದೇನೆ. ಮೂರೂ 12 ವೋಲ್ಟಿನ ಎಲ್‌ಇಡಿ ದೀಪಗಳು. ಗೋಡೆಯ 230 ವೋಲ್ಟನ್ನು 12ಕ್ಕೆ ಇಳಿಸುವ ಅಡಾಪ್ಟರ್ ಅಡುಗೆಮನೆಯ ಒಳಗಿದೆ. ಅಲ್ಲಿಂದ ಒಂದು ಜೋಡಿ ವೈರು ಸೂರಿನ ಕೆಳಗೆ ಹರಿದು ಕೊಟ್ಟಿಗೆ ತಲುಪುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ, ಕಂಬ, ನೆಲ ಎಲ್ಲವೂ ಒದ್ದೆ. ಒದ್ದೆ ಜಾಗಕ್ಕೆ 230 ವೋಲ್ಟ್ ಒಯ್ಯಲು ನನಗೆ ಧೈರ್ಯವಿಲ್ಲ. ಮನುಷ್ಯರಿಗಿಂತ ದನಗಳಿಗೆ ಶಾಕ್ ಇನ್ನೂ ಬೇಗ ಅಪಾಯ ತರುತ್ತದೆ. ಅದಕ್ಕೇ 12 ವೋಲ್ಟ್.

ಮನೆಯಾಕೆ ಬೆಳಗಿನ ಐದು ಗಂಟೆಗೆ ಹಾಲು ಕರೆಯಲು ಹೋಗುತ್ತಾಳೆ. ಒಂದು ದಿನ ಹೇಳಿದಳು, "ಕೊಟ್ಟಿಗೆ ದೀಪ ಯಾಕೋ ಮಂಕಾಗಿದೆ ಕಣ್ರೀ. ಮೆಟ್ಲು ಸರಿಯಾಗಿ ಕಾಣೋಲ್ಲ."

ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ದೀಪಕ್ಕೇನಾಗಿದೆ? ನಿನ್ನ ಕಣ್ಣಿಗೆ ಪೊರೆ ಬಂದಿರಬೇಕು. ಮಳೆ ಕಡಿಮೆಯಾಗಲಿ, ಶಿವಮೊಗ್ಗಕ್ಕೆ ಹೋಗಿ ತೋರಿಸೋಣ" ಅಂದೆ.

ಒಂದು ವಾರ ಕಳೆಯಿತು. ಅವಳು ಮೂರನೇ ಮೆಟ್ಟಿಲಲ್ಲಿ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಬಲಗೈ ಮಣಿಕಟ್ಟು ಮಾತ್ರ ಬದನೆಕಾಯಿಯ ಹಾಗೆ ಊದಿಕೊಂಡಿತು. ಹಾಲಿನ ತಂಬಿಗೆ ತಗ್ಗಾಯಿತು. ಆವತ್ತು ಬೆಳಗ್ಗೆ ನಾನೇ ಹೋಗಿ ಆ ಮೆಟ್ಟಿಲ ಮೇಲೆ ನಿಂತೆ. ನನಗೂ ಏನೂ ಕಾಣಲಿಲ್ಲ. ಕೊಟ್ಟಿಗೆಯ ದೀಪ ಕೆಂಡ ಆರುವ ಮುಂಚೆ ಕಾಣುವಷ್ಟೇ ಬೆಳಕು ಕೊಡುತ್ತಿತ್ತು.

ನಾನು ಮೊದಲು ಮಾಡಿದ ಕೆಲಸವನ್ನು ನೀವು ಮಾಡಬೇಡಿ. ನೇರ ಪೇಟೆಗೆ ಹೋಗಿ ಹೊಸ ದೀಪ ತಂದೆ. ಹಾಕಿದೆ. ಅದೂ ಅಷ್ಟೇ ಮಂಕು. ದಸರಾ ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ, ಏಳನೇ ಕ್ಲಾಸಿನವಳು, ಏಣಿ ಹಿಡಿದು ನಿಂತಿದ್ದಳು. "ಅಜ್ಜ, ತೆಗೆದಿಟ್ಟ ಹಳೇ ದೀಪಾನ ಬಚ್ಚಲ ಹತ್ರ ಹಾಕಿ ನೋಡಿದ್ರೆ?" ಅಂದಳು. ಹಾಕಿದೆವು. ಜಗ್ಗನೆ ಹತ್ತಿತು! ದೀಪದ ತಪ್ಪು ಏನೂ ಇರಲಿಲ್ಲ. ಖರ್ಚಿಲ್ಲದ ಈ ಅದಲುಬದಲಿನ ಪರೀಕ್ಷೆ ಪೇಟೆಗೆ ಹೋಗುವ ಮೊದಲೇ ನನಗೆ ಹೊಳೆಯಬೇಕಿತ್ತು. ಹೊಸ ದೀಪ ಈಗ ಕಪಾಟಿನಲ್ಲಿದೆ.

ಆಮೇಲೆ ನನ್ನ ಮಲ್ಟಿಮೀಟರ್ ಹೊರಗೆ ತೆಗೆದೆ. ಮುಳ್ಳನ್ನು ಡಿಸಿ 20 ವೋಲ್ಟಿನ ಜಾಗಕ್ಕೆ ತಿರುಗಿಸಿ, ಕೊಟ್ಟಿಗೆಯ ದೀಪ ಬಿಚ್ಚಿ, ಬರಿಯ ವೈರಿನ ಎರಡು ತುದಿಗೆ ಕಡ್ಡಿ ಮುಟ್ಟಿಸಿದೆ. 11.3 ತೋರಿಸಿತು. "ನೋಡು, ವೋಲ್ಟೇಜ್ ಬರ್ತಾ ಇದೆ. ವೈರು ಸರಿ ಇದೆ" ಎಂದು ತೀರ್ಪು ಕೊಟ್ಟೆ. ಹಾಗಾದರೆ ತಪ್ಪು ಯಾವುದರದ್ದು? ದೀಪ ಸರಿ, ವೈರು ಸರಿ, ಬೆಳಕು ಮಾತ್ರ ಇಲ್ಲ. ನಾನು ಕಾಫಿ ಕುಡಿಯಲು ಒಳಗೆ ಬಂದೆ.

ಪುಟ್ಟಿ ಹಿಂದೆಯೇ ಬಂದಳು. "ದೀಪ ಬಿಚ್ಚಿ ಅಳೆದ್ವಲ್ಲ ಅಜ್ಜ. ದೀಪ ಉರೀತಾ ಇರೋವಾಗ ಎಷ್ಟಿರುತ್ತೆ?"

ಕಾಫಿ ಅಲ್ಲೇ ಬಿಟ್ಟು ಎದ್ದೆ. ದೀಪ ಜೋಡಿಸಿ, ಅದು ಉರಿಯುತ್ತಿರುವಾಗಲೇ ಅದೇ ಜಾಗದಲ್ಲಿ ಅಳೆದೆವು. 8.7!

ಇದು ಹೇಗೆ? ತೋಟಕ್ಕೆ ನೀರು ಬಿಡುವ ಪೈಪನ್ನು ನೆನಪಿಸಿಕೊಳ್ಳಿ. ನಡುವೆ ಎಲ್ಲೋ ಪೈಪು ಮಡಚಿಕೊಂಡಿದೆ ಅನ್ನಿ. ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿದರೆ ಸ್ವಲ್ಪ ಹೊತ್ತಿಗೆ ಒಳಗೆ ಒತ್ತಡ ತುಂಬಿ ಬೆರಳನ್ನೇ ತಳ್ಳುತ್ತದೆ. ಪೈಪು ಸರಿ ಇದೆ ಅಂತಲೇ ಅನಿಸುತ್ತದೆ. ಬೆರಳು ತೆಗೆಯಿರಿ, ನೀರು ನೂಲಿನಷ್ಟು ಬರುತ್ತದೆ. ಮಡಚಿದ ಜಾಗ ತನ್ನ ತೊಂದರೆ ಕೊಡುವುದು ನೀರು ಹರಿಯುವಾಗ ಮಾತ್ರ. ವೈರೂ ಹಾಗೇ. ಮೀಟರು ಕುಡಿಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದೀಪ ಬಿಚ್ಚಿ ಅಳೆಯುವುದೆಂದರೆ ಬೆರಳಿನಿಂದ ಪೈಪು ಮುಚ್ಚಿ ಹಿಡಿದ ಹಾಗೆ. ಮೂವತ್ತು ವರ್ಷ ಸ್ಕ್ರೂಡ್ರೈವರ್ ಹಿಡಿದವನು ನಾನು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಮರೆತಿದ್ದೆ.

ಎಲ್‌ಇಡಿಗೆ 8.7 ಯಾಕೆ ಸಾಲದು ಎಂದು ಕೇಳಬಹುದು. ಇಂಥ 12 ವೋಲ್ಟಿನ ಅನೇಕ ದೀಪಗಳೊಳಗೆ ಮೂರು ಮೂರು ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. ಮೂರಕ್ಕೆ 9. ಅದಕ್ಕಿಂತ ಕೆಳಗಿಳಿದರೆ ಬೆಳಕು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ.

ಇನ್ನು ಕಳ್ಳನನ್ನು ಹಿಡಿಯುವ ಕೆಲಸ. ಮೂರೂ ದೀಪ ಉರಿಸಿ, ಪುಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಡಾಪ್ಟರಿನಿಂದ ಹೊರಡುವಾಗ 12.1. ಬಚ್ಚಲ ದೀಪದ ಹತ್ತಿರ 11.6. ಬಾವಿಕಟ್ಟೆಯಲ್ಲಿ 11.2. ಕೊಟ್ಟಿಗೆಯಲ್ಲಿ 8.7. ಈ ನಾಲ್ಕು ಅಂಕಿಗಳನ್ನು ಇನ್ನೊಮ್ಮೆ ನೋಡಿ, ಮುಂದೆ ಓದುವ ಮೊದಲು ನೀವೇ ಯೋಚಿಸಿ.

ವೈರು ಎಷ್ಟೇ ಒಳ್ಳೆಯದಾಗಿರಲಿ, ದಾರಿಯಲ್ಲಿ ಸ್ವಲ್ಪ ವೋಲ್ಟೇಜನ್ನು ತಿನ್ನುತ್ತದೆ. ವೈರು ಉದ್ದವಾದಷ್ಟೂ, ತೆಳುವಾದಷ್ಟೂ, ಹರಿಯುವ ಕರೆಂಟು ಹೆಚ್ಚಾದಷ್ಟೂ ತಿನ್ನುವುದು ಹೆಚ್ಚು. ಇದರ ಲೆಕ್ಕ ಕಂಡುಹಿಡಿದವನು ಜರ್ಮನಿಯ ಜಾರ್ಜ್ ಓಮ್, ಬೀಗ ಮಾಡುವವನ ಮಗ, ಶಾಲೆಯ ಮೇಷ್ಟ್ರು. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ ಜೋಡಿಸಿ ಅಳೆದು, 1827ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಹೈಸ್ಕೂಲಿನ ಮಕ್ಕಳು ಓಮ್‌ನ ನಿಯಮ ಎಂದು ಉರು ಹೊಡೆಯುವುದು ಇದನ್ನೇ.

ನಮ್ಮ ಹಿತ್ತಲಿನ ಮೊದಲ ತುಂಡು ವೈರಿನಲ್ಲಿ ಮೂರು ದೀಪಗಳ ಕರೆಂಟು ಹರಿಯುತ್ತದೆ. ಎರಡನೇ ತುಂಡಿನಲ್ಲಿ ಎರಡರದ್ದು. ಕೊನೆಯ ತುಂಡಿನಲ್ಲಿ ಒಂದೇ ಒಂದರದ್ದು. ಹಾಗಾದರೆ ನಷ್ಟ ಎಲ್ಲಕ್ಕಿಂತ ಕಡಿಮೆ ಆಗಬೇಕಾದದ್ದು ಕೊನೆಯ ತುಂಡಿನಲ್ಲಿ. ಆದರೆ ಮೊದಲೆರಡು ತುಂಡುಗಳು ಅರ್ಧರ್ಧ ವೋಲ್ಟ್ ತಿಂದರೆ, ಅದೊಂದೇ ಎರಡೂವರೆ ವೋಲ್ಟ್ ನುಂಗಿತ್ತು. ಕಳ್ಳ ಇರುವುದು ಬಾವಿಗೂ ಕೊಟ್ಟಿಗೆಗೂ ನಡುವೆ!

ಅಲ್ಲಿ ವೈರು ಸಾಲದೆ ನಾನೇ ಹಿಂದೆ ಒಂದು ಜೋಡಣೆ ಮಾಡಿದ್ದೆ. ಎರಡು ತಂತಿ ತಿರುಚಿ, ಕಪ್ಪು ಟೇಪು ಸುತ್ತಿ, ಸೂರಿನ ಕೆಳಗೆ ಮೊಳೆಗೆ ತೂಗು ಹಾಕಿದ್ದೆ. ಟೇಪು ಬಿಚ್ಚಿದರೆ ಒಳಗೆ ನೀರು, ಎರಡು ಸತ್ತ ಇರುವೆ, ಮತ್ತು ಹಸಿರು ಕಿಲುಬು. ಅಜ್ಜಿಯರಿಗೆ ಹೇಳಬೇಕಾಗಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕದ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ. ಕಿಲುಬಿನೊಳಗೆ ಕರೆಂಟು ಸಲೀಸಾಗಿ ಹರಿಯುವುದಿಲ್ಲ. ಪೈಪು ಮಡಚಿಕೊಂಡ ಜಾಗ ಇದೇ.

ಹುಣಸೆಹಣ್ಣಿನಿಂದ ತಿಕ್ಕೋಣವೇ ಎಂದು ಪುಟ್ಟಿ ಕೇಳಿದಳು. ಬೇಡ, ಆ ಹುಳಿಯೇ ಉಳಿದುಕೊಂಡು ತಂತಿಯನ್ನು ಮತ್ತೆ ತಿನ್ನುತ್ತದೆ. ಅಡಾಪ್ಟರ್ ಆಫ್ ಮಾಡಿ, ಕಿಲುಬು ಹಿಡಿದ ಭಾಗವನ್ನೇ ಕತ್ತರಿಸಿದೆವು. ಪ್ಲಾಸ್ಟಿಕ್ ಸುಲಿಯುತ್ತಾ ಹೋದಂತೆ ಒಳಗೂ ಕಪ್ಪಾಗಿತ್ತು. ನಾಲ್ಕು ಬೆರಳಿನಷ್ಟು ಹೋದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಹಿತ್ತಾಳೆ ಸ್ಕ್ರೂ ಇರುವ ಕನೆಕ್ಟರಿನಲ್ಲಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟೆವು. ವೈರು ಡಬ್ಬಿಗೆ ಹೊಗುವುದು ತಳದಿಂದ. ಹೊಗುವ ಮೊದಲು ಅದನ್ನು ಸ್ವಲ್ಪ ಕೆಳಗೆ ಜೋಲು ಬಿಟ್ಟಿದ್ದೇವೆ. ವೈರಿನ ಮೇಲೆ ಹರಿದು ಬಂದ ಮಳೆನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹೋಗುವುದಿಲ್ಲ.

ಮತ್ತೆ ಅಳೆದಾಗ ಕೊಟ್ಟಿಗೆಯಲ್ಲಿ 10.6. ಕೊಟ್ಟಿಗೆಯ ಗೋಡೆಯ ಮೇಲಿನ ಹಲ್ಲಿ ಕೂಡ ಕಾಣುತ್ತಿತ್ತು. ಆದರೆ ಪುಟ್ಟಿಯ ಮುಖ ಗಂಟಿಕ್ಕಿತು. "ಅಜ್ಜ, ಬಚ್ಚಲ ಹತ್ರ 11.6 ಇದ್ದದ್ದು 11.4 ಆಗಿದೆ. ನಾವೇನೋ ಹಾಳು ಮಾಡಿದ್ವಿ."

ಹಾಳಲ್ಲ. ಇಷ್ಟು ದಿನ ಕೊನೆಯವನು ಉಪವಾಸವಿದ್ದ, ಈಗ ತನ್ನ ಪಾಲು ಊಟ ಮಾಡುತ್ತಿದ್ದಾನೆ. ಮೊದಲ ತುಂಡಿನಲ್ಲಿ ಹರಿಯುವ ಕರೆಂಟು ಹೆಚ್ಚಾಯಿತು, ಅಲ್ಲಿನ ನಷ್ಟವೂ ಹೆಚ್ಚಾಯಿತು. ನಾನು ಹಾಕಿದ ವೈರು ತೀರಾ ತೆಳು, ಅರ್ಧ ಸ್ಕ್ವೇರ್ ಎಂಎಂ. ಅದನ್ನು ದಪ್ಪ ಮಾಡುವುದಾದರೆ ಮಂಕಾದ ತುದಿಯಲ್ಲಲ್ಲ, ಎಲ್ಲರ ಕರೆಂಟೂ ಹರಿಯುವ ಮೊದಲ ತುಂಡಿನಲ್ಲಿ ಮಾಡಬೇಕು. ಅಡಾಪ್ಟರಿನಿಂದ ಬಚ್ಚಲವರೆಗೆ ಎಂಟು ಮೀಟರ್ ಒಂದೂವರೆ ಸ್ಕ್ವೇರ್ ಎಂಎಂ ವೈರು ಎಳೆದೆವು. ಕೊಟ್ಟಿಗೆಯಲ್ಲಿ 11 ದಾಟಿತು.

ಮನೆಯೊಳಗಿನ 230 ವೋಲ್ಟಿನ ದೀಪಕ್ಕೆ ಈ ರಗಳೆ ಯಾಕಿಲ್ಲ ಗೊತ್ತೇ? ನಮ್ಮ ಒಂದೊಂದು ದೀಪ 6 ವ್ಯಾಟಿನದು. 12 ವೋಲ್ಟಿನಲ್ಲಿ ಅದಕ್ಕೆ ಅರ್ಧ ಆಂಪಿಯರ್ ಬೇಕು. 230ರಲ್ಲಾದರೆ ಅದರ ಹತ್ತೊಂಬತ್ತನೇ ಒಂದು ಪಾಲು ಸಾಕು. ವೋಲ್ಟೇಜ್ ಹೆಚ್ಚಾದರೆ ಕರೆಂಟು ಕಡಿಮೆ, ಕರೆಂಟು ಕಡಿಮೆಯಾದರೆ ದಾರಿಯ ನಷ್ಟ ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 140 ಕಿಲೋಮೀಟರಿಗೂ ದೂರ, ವಿದ್ಯುತ್ ಒಯ್ದಾಗ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ದು ಇದೇ ಲೆಕ್ಕದಿಂದ. 12 ವೋಲ್ಟಿನಲ್ಲಿ ಕಳಿಸಿದ್ದರೆ ಮಂಡ್ಯ ಜಿಲ್ಲೆ ದಾಟುವ ಮೊದಲೇ ಎಲ್ಲ ಮುಗಿದಿರುತ್ತಿತ್ತು.

ಸುದ್ದಿ ಹಬ್ಬಿ, ಪಕ್ಕದ ಮನೆಯವರು ಪುಟ್ಟಿಯನ್ನು ಕರೆಸಿಕೊಂಡರು. ಅವರ ಗೇಟಿನ ದೀಪ ಕತ್ತಲಾದರೆ ತಾನೇ ಹತ್ತುವಂಥದ್ದು. ಆದರೆ ಸಂಜೆಯಾದರೆ ಹತ್ತುವುದು, ಆರುವುದು, ಹತ್ತುವುದು, ಆರುವುದು. ಅವಳು ಸ್ವಲ್ಪ ಹೊತ್ತು ನೋಡಿ, ಸೆನ್ಸರಿನ ಮೇಲೆ ಅಂಗೈ ಮುಚ್ಚಿದಳು. ದೀಪ ಹತ್ತಿ ಹತ್ತಿಕೊಂಡೇ ಇತ್ತು. ಹೊಸದಾಗಿ ಸುಣ್ಣ ಬಳಿದ ಕಂಬಕ್ಕೆ ದೀಪದ ಬೆಳಕು ಬಡಿದು, ಹಿಂತಿರುಗಿ ಸೆನ್ಸರಿಗೇ ಬೀಳುತ್ತಿತ್ತು. ಬೆಳಗಾಯಿತು ಎಂದು ಅದು ಆರಿಸುವುದು, ಆರಿದ ಕೂಡಲೇ ರಾತ್ರಿ ಎಂದು ಹತ್ತಿಸುವುದು. ಸೆನ್ಸರನ್ನು ರಸ್ತೆ ಕಡೆ ತಿರುಗಿಸಿದರು, ಮುಗಿಯಿತು. ಕೋಡುಬಳೆ ಸಂಬಳ.

ಮಕ್ಕಳೇ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೀಟರಿನ ಕಡ್ಡಿ ಮುಟ್ಟಿಸುವುದು ಅಡಾಪ್ಟರಿನಿಂದ ಈಚೆ, 12 ವೋಲ್ಟಿನ ಕಡೆ ಮಾತ್ರ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಗೋಡೆಯ ಪ್ಲಗ್ಗಿನ ಕಡೆ ಏನಾದರೂ ಅನುಮಾನವಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. 12 ವೋಲ್ಟಿನಲ್ಲೂ ಎರಡು ಬರಿ ತಂತಿ ಒಂದಕ್ಕೊಂದು ತಾಗಿದರೆ ಕಿಡಿ ಹಾರಿ ವೈರು ಬಿಸಿಯಾಗುತ್ತದೆ, ಹುಲ್ಲಿನ ಬಣವೆ ಹತ್ತಿರವಿದ್ದರಂತೂ ಹುಷಾರು.

ಮಣಿಕಟ್ಟಿನ ಊತ ಇಳಿದು ಹತ್ತು ದಿನದ ಮೇಲೆ ಮನೆಯಾಕೆ ಮತ್ತೆ ಕೊಟ್ಟಿಗೆಗೆ ಹೊರಟಳು. ಪಾಚಿಯನ್ನು ನಾನು ಸುಣ್ಣ ಹಾಕಿ ಕೆರೆದಿದ್ದೆ. ಪುಟ್ಟಿ ಹೋಗುವ ಮುಂಚೆ ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದು ಅಡಾಪ್ಟರಿನ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ, ಮುಂದಿನ ಮಳೆಗಾಲದಲ್ಲಿ ಹೋಲಿಸಿ ನೋಡಬೇಕಂತೆ. ನಾನು ಹಿಂಬಾಗಿಲಲ್ಲಿ ನಿಂತು ಕೇಳಿದೆ, "ಹೇಗಿದೆಯೇ ಬೆಳಕು?"

ಮೆಟ್ಟಿಲಿಳಿಯುತ್ತಲೇ ಹೇಳಿದಳು, "ಚೆನ್ನಾಗಿದೆ. ಶಿವಮೊಗ್ಗಕ್ಕೆ ಹೋಗೋದು ತಪ್ಪಿಸಬೇಡಿ. ನಿಮ್ಮ ಕಣ್ಣು ತೋರಿಸ್ಕೊಂಡು ಬರೋಣ."