ಮೂರೂವರೆ ಮನೆ ಏಕಿಲ್ಲ?

ಕರ್ಣಾಟಕ ಸಂಗೀತವನ್ನು ಅಭ್ಯಾಸಮಾಡುವವರು ತಮ್ಮ ಶ್ರುತಿಯನ್ನು ಹೇಳುವಾಗ ‘ಒಂದು ಮನೆ’, ‘ಒಂದೂವರೆ ಮನೆ’, ‘ಐದೂವರೆ ಮನೆ’ ಎಂದು ಎಣಿಸುವ ವಾಡಿಕೆಯುಂಟು. ಈ ಎಣಿಕೆಯಲ್ಲಿ ಒಂದು ವಿಚಿತ್ರವಿದೆ. ಒಂದು, ಒಂದೂವರೆ, ಎರಡು, ಎರಡೂವರೆ, ಮೂರು. ಇಲ್ಲಿಯವರೆಗೆ ಲೆಕ್ಕ ಕ್ರಮವಾಗಿದೆ. ಮುಂದೆ ಮೂರೂವರೆ ಬರಬೇಕಾದ ಕಡೆ ನಾಲ್ಕು ಬಂದುಬಿಡುತ್ತದೆ. ಬಳಿಕ ನಾಲ್ಕೂವರೆ, ಐದು, ಐದೂವರೆ, ಆರು, ಆರೂವರೆ, ಏಳು. ಏಳೂವರೆಯೂ ಇಲ್ಲ, ಅದರ ಸ್ಥಾನದಲ್ಲಿ ಮೇಲಿನ ಸ್ಥಾಯಿಯ ಒಂದು ಕುಳಿತಿದೆ. ಎರಡು ಮನೆಯಿಂದ ಮೂರು ಮನೆಗೆ ಹೋದರೆ ಶ್ರುತಿ ಎಷ್ಟು ಏರುವುದೋ, ಮೂರರಿಂದ ನಾಲ್ಕಕ್ಕೆ ಹೋದಾಗ ಅದರ ಅರ್ಧ ಮಾತ್ರ ಏರುವುದು. ಮೂರನೆಯ ಗೀಟಿಗೂ ನಾಲ್ಕನೆಯ ಗೀಟಿಗೂ ನಡುವೆ ಅರ್ಧ ಅಂಗುಲವಷ್ಟೇ ಇರುವ ಅಳತೆಗೋಲನ್ನು ಯಾವ ಬಡಗಿಯೂ ಕೊಳ್ಳಲಾರನು. ಸಂಗೀತದಲ್ಲಿ ಮಾತ್ರ ಅಂತಹ ಗೋಲನ್ನು ನಾವು ತಲೆಮಾರುಗಳಿಂದ ಬಳಸುತ್ತ ಬಂದಿದ್ದೇವೆ.

ಈ ಎಣಿಕೆ ನಮ್ಮ ಲಕ್ಷಣಕಾರರು ಮಾಡಿದ್ದಲ್ಲ, ಹಾರ್ಮೋನಿಯಮ್ ಪೆಟ್ಟಿಗೆ ಮಾಡಿದ್ದು. ಪೆಟ್ಟಿಗೆಯ ಬಿಳಿಯ ಮನೆಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ, ನಡುನಡುವೆ ಬರುವ ಕರಿಯ ಮನೆಗಳಿಗೆ ಅರ್ಧದ ಲೆಕ್ಕ ಹಚ್ಚಿದ್ದರಿಂದ ಹುಟ್ಟಿದ ಹೆಸರುಗಳಿವು. ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ಐದು’ ಎನ್ನುವುದೂ ಅದೇ ಪೆಟ್ಟಿಗೆಯ ಭಾಷೆ. ಮೂರನೆಯ ಮತ್ತು ನಾಲ್ಕನೆಯ ಬಿಳಿ ಮನೆಗಳ ನಡುವೆ ಕರಿ ಮನೆ ಇಲ್ಲ. ಆದ್ದರಿಂದ ಮೂರೂವರೆಯೂ ಇಲ್ಲ. ಏಳು ಮುಂದೆ, ಐದು ಹಿಂದೆ ಎಂಬ ಈ ಏರ್ಪಾಡು ಬಹಳ ಹಳೆಯದು. ಜರ್ಮನಿಯ ಹಾಲ್ಬರ್‌ಸ್ಟಾಟ್ ನಗರದ ಇಗರ್ಜಿಯಲ್ಲಿ 1361ರಲ್ಲಿ ಕಟ್ಟಿದ ಆರ್ಗನ್ ವಾದ್ಯದಲ್ಲಿಯೇ ಅದು ಕಾಣಿಸಿಕೊಂಡಿತ್ತು. ಏಳು ಸ್ವರಗಳೇ ಮುಖ್ಯವಾಗಿ, ಉಳಿದ ಐದು ಎಂದಾದರೊಮ್ಮೆ ಬಂದುಹೋಗುವ ಅತಿಥಿಗಳಾಗಿದ್ದ ಅಂದಿನ ಇಗರ್ಜಿಯ ಗಾನಕ್ಕೆ ಅದು ಒಪ್ಪುವಂತಿತ್ತು. ಆರ್ಗನ್ನಿನಿಂದ ಪಿಯಾನೋಗೆ, ಪಿಯಾನೋದಿಂದ ಹಾರ್ಮೋನಿಯಮಿಗೆ, ಅಲ್ಲಿಂದ ಇಂದಿನ ವಿದ್ಯುನ್ಮಾನ ಕೀಬೋರ್ಡಿಗೆ ಅದು ಯಾರ ಪರೀಕ್ಷೆಗೂ ಒಳಗಾಗದೆ ಇಳಿದುಬಂದಿದೆ.

ನಮ್ಮ ಸಂಗೀತದ ಪದ್ಧತಿ ಬೇರೆ. ಇಲ್ಲಿ ಷಡ್ಜಕ್ಕೆ ಗೊತ್ತಾದ ಸ್ಥಾನವಿಲ್ಲ. ಹಾಡುವವರ ಕಂಠ ಎಲ್ಲಿ ನಿಲ್ಲುವುದೋ ಅದೇ ಷಡ್ಜ. ಶಂಕರಾಭರಣ ರಾಗದ ಏಳು ಸ್ವರಗಳನ್ನು ತೆಗೆದುಕೊಳ್ಳೋಣ. ಒಂದನೆಯ ಮನೆ ಷಡ್ಜವಾದರೆ ಏಳೂ ಬಿಳಿ. ಕೇವಲ ಅರ್ಧ ಮನೆ ಮೇಲೆ, ಒಂದೂವರೆಯಲ್ಲಿ ಹಿಡಿದರೆ ಎರಡು ಕರಿ, ಒಂದು ಬಿಳಿ, ಮೂರು ಕರಿ, ಮತ್ತೊಂದು ಬಿಳಿ. ಹನ್ನೆರಡು ಶ್ರುತಿಗಳಲ್ಲಿ ಈ ಒಂದೇ ಮೇಳಕ್ಕೆ ಕರಿ-ಬಿಳಿಗಳ ಹನ್ನೆರಡು ಬೇರೆ ಬೇರೆ ಕ್ರಮಗಳು ಬರುತ್ತವೆ, ಒಂದರಂತೆ ಇನ್ನೊಂದಿಲ್ಲ. ಕಿವಿಗೆ ಒಂದೇ ಆದದ್ದು ಬೆರಳಿಗೆ ಹನ್ನೆರಡಾಗುತ್ತದೆ. ಮೇಳಕರ್ತಗಳು ಎಪ್ಪತ್ತೆರಡಿರುವಾಗ ವಿದ್ಯಾರ್ಥಿಯ ಶ್ರಮ ಎಷ್ಟಾಗುವುದೆಂಬುದನ್ನು ಓದುಗರೇ ಊಹಿಸಬಹುದು.

ಭೌತಶಾಸ್ತ್ರದ ದೃಷ್ಟಿಯಿಂದ ಈ ತೊಡಕಿಗೆ ಯಾವ ಆಧಾರವೂ ಇಲ್ಲ. ಒಂದು ಸ್ವರದಿಂದ ಮತ್ತೊಂದಕ್ಕಿರುವ ಅಂತರವೆಂದರೆ ಅವುಗಳ ಕಂಪನಸಂಖ್ಯೆಗಳ ಅನುಪಾತ. ಹಾರ್ಮೋನಿಯಮಿನಲ್ಲಿ ಅಕ್ಕಪಕ್ಕದ ಯಾವ ಎರಡು ಸ್ವರಸ್ಥಾನಗಳನ್ನು ಆರಿಸಿದರೂ ಈ ಅನುಪಾತ ಸುಮಾರು 1.0595, ಅದನ್ನು ಹನ್ನೆರಡು ಸಲ ಗುಣಿಸಿದರೆ 2, ಎಂದರೆ ಮೇಲಿನ ಷಡ್ಜ. ಮೆಟ್ಟಿಲುಗಳೆಲ್ಲ ಸಮ, ಮೆಟ್ಟಿಲುಗಳಿಗೆ ಹೊದಿಸಿದ ಹಲಗೆ ಮಾತ್ರ ವಿಷಮ. ಸಮವಾದ ಅಂತರಗಳಿಗೆ ಸಮವಾದ ದೂರವನ್ನೇ ಕೊಟ್ಟು, ಒಂದು ರಾಗದ ಆಕೃತಿ ಯಾವ ಷಡ್ಜದಿಂದ ಹೊರಟರೂ ಬದಲಾಗದಂತೆ ಮನೆಗಳನ್ನು ಜೋಡಿಸುವುದಕ್ಕೆ ಏಕರೂಪ ವಿನ್ಯಾಸವೆಂದು ಹೆಸರಿಡಬಹುದು.

ಅಂತಹದೊಂದನ್ನು ಹಂಗೇರಿಯ ಪಾಲ್ ಫೊನ್ ಯಾಂಕೊ ಎಂಬ ಪಿಯಾನೋ ವಾದಕ 1882ರಲ್ಲಿ ರಚಿಸಿದನು. (ನಾನು ವಾಸಿಸುವ ವೈಟ್‌ಫೀಲ್ಡಿನ ವಯಸ್ಸೂ ಅಷ್ಟೆ: ಹತ್ತನೆಯ ಚಾಮರಾಜ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಇಲ್ಲಿ ಭೂಮಿಯನ್ನಿತ್ತದ್ದು ಅದೇ ವರ್ಷ.) ಯಾಂಕೊನ ಉಪಾಯ ಸರಳವಾದುದು. ಹನ್ನೆರಡು ಸ್ವರಸ್ಥಾನಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಾಲುಗಳಿಗೆ ಹಂಚುವುದು; ಮೇಲಿನ ಸಾಲನ್ನು ಅರ್ಧ ಮನೆಯಷ್ಟು ಬಲಕ್ಕೆ ಸರಿಸುವುದು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕೆಳಸಾಲಿನಲ್ಲಿ ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದಗಳು. ಮೇಲ್ಸಾಲಿನಲ್ಲಿ ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕಾಕಲಿ ನಿಷಾದಗಳು. ಷಡ್ಜವೇ ಮೇಲ್ಸಾಲಿಗೆ ಬಿದ್ದರೆ ಏನು ಗತಿಯೆಂದು ಕೇಳಬಹುದು. ಅದಕ್ಕಾಗಿ ಕೆಳಸಾಲಿನ ನಕಲನ್ನು ಮೂರನೆಯ ಸಾಲಾಗಿ ಮೇಲಿಟ್ಟರೆ ಮುಗಿಯಿತು. ಯಾಂಕೊ ಒಂದೊಂದು ಸನ್ನೆಗೂ ಮೂರು ಕಡೆ ಒತ್ತುವ ಸ್ಥಾನವಿಟ್ಟು ಒಟ್ಟು ಆರು ಸಾಲು ಮಾಡಿದ್ದನು. ನಮಗೆ ಮೂರು ಸಾಕು.

ಈ ಹಲಗೆಯ ಮೇಲೆ ಶಂಕರಾಭರಣವನ್ನು ನೋಡಿ: ಸ ರಿ ಗ ಮೂರೂ ಒಂದು ಸಾಲಿನಲ್ಲಿ, ಮ ಪ ದ ನಿ ನಾಲ್ಕೂ ಅದರ ಮೇಲಿನ ಸಾಲಿನಲ್ಲಿ. ಶುದ್ಧ ಮಧ್ಯಮವನ್ನು ಬಿಟ್ಟು ಬೆರಳನ್ನು ಕೆಳಸಾಲಿಗೆ ಇಳಿಸಿದರೆ ಕಲ್ಯಾಣಿ. ಮೊದಲ ಮೂವತ್ತಾರು ಮೇಳಗಳಿಂದ ಉಳಿದ ಮೂವತ್ತಾರಕ್ಕೆ ದಾಟುವುದೆಂದರೆ ಎಲ್ಲ ಕಡೆಯಲ್ಲಿಯೂ ಇದೇ ಒಂದು ಚಲನೆ. ಮಕ್ಕಳಿಗೆ ಮೊದಲ ಪಾಠವಾಗಿ ಹೇಳಿಕೊಡುವ ಮಾಯಾಮಾಳವಗೌಳ ಎರಡು ಸಾಲುಗಳ ನಡುವೆ ಹೆಣಿಗೆ ಹಾಕಿದಂತೆ ಸಾಗುತ್ತದೆ: ಸ ಕೆಳಗೆ, ರಿ ಮೇಲೆ, ಗ ಕೆಳಗೆ, ಮ ಪ ಮೇಲೆ, ದ ಕೆಳಗೆ, ನಿ ಮೇಲೆ. ಹನ್ನೆರಡು ಶ್ರುತಿಗಳಲ್ಲಿ ಯಾವುದನ್ನು ಹಿಡಿದರೂ ಆಕೃತಿ ಇದೇ. ವೆಂಕಟಮಖಿಯ ಮೇಳಪದ್ಧತಿಯನ್ನು ಕೋಷ್ಟಕದಲ್ಲಿ ಓದುವ ಬದಲು ಕಣ್ಣಾರೆ ಕಾಣಬಹುದಾದ ಹಲಗೆಯಿದು. ಸ್ವಿಟ್ಜರ್ಲೆಂಡಿನ ಕಾಸ್ಪರ್ ವಿಕಿ 1896ರಲ್ಲಿ ಮತ್ತೊಂದು ಏಕರೂಪ ವಿನ್ಯಾಸಕ್ಕೆ ಹಕ್ಕುಪತ್ರ ಪಡೆದನು. ಅದು ಶಂಕರಾಭರಣಕ್ಕೆ ಸೊಗಸಾದರೂ ಷಡ್ಜದಿಂದ ಶುದ್ಧ ರಿಷಭವನ್ನು ದೂರಕ್ಕೆ ಎಸೆಯುವುದರಿಂದ ನಮ್ಮ ಮೊದಲ ಪಾಠಕ್ಕೇ ಒಗ್ಗದು. ಆದ್ದರಿಂದ ಏಕರೂಪವಾದುದೆಲ್ಲ ನಮಗೆ ಸಮಾನವಾಗಿ ಹಿತವೆಂದು ನಾನು ಹೇಳುತ್ತಿಲ್ಲ.

ಇಷ್ಟು ಒಳ್ಳೆಯದಾದರೆ ಯಾಂಕೊನ ಪಿಯಾನೋ ಏಕೆ ಉಳಿಯಲಿಲ್ಲ? ಅದು ಸೋತದ್ದು ಸಂಗೀತದಲ್ಲಲ್ಲ, ಅಂಗಡಿಯಲ್ಲಿ. ಕಲಿಸುವವರು ಹಳೆಯದನ್ನು ಕಲಿತಿದ್ದರು, ಪುಸ್ತಕಗಳ ಬೆರಳಿನ ಗುರುತುಗಳು ಹಳೆಯದಕ್ಕಿದ್ದವು, ಕಾರ್ಖಾನೆಗಳು ಹಳೆಯ ಅಚ್ಚುಗಳಿಗೆ ಹಣ ಹೂಡಿದ್ದವು. ರಷ್ಯದ ಬಯಾನ್ ಎಂಬ ಗುಂಡಿ ಅಕಾರ್ಡಿಯನ್ನಿನಲ್ಲಿ ಏಕರೂಪ ವಿನ್ಯಾಸ ಇಂದಿಗೂ ಜೀವಂತವಾಗಿದೆ. ಅಲ್ಲಿನ ಸಂಗೀತ ವಿದ್ಯಾಲಯಗಳು ಅದನ್ನು ಕಲಿಸುವ ಹೊಣೆ ಹೊತ್ತದ್ದೇ ಇದಕ್ಕೆ ಕಾರಣ. ನಮ್ಮಲ್ಲಿಯೂ ಗಣಕಯಂತ್ರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಕ’ ಅಕ್ಷರ ಕನ್ನಡಕ್ಕೂ ದೇವನಾಗರಿಗೂ ತೆಲುಗಿಗೂ ಒಂದೇ ಕೀಲಿಯಲ್ಲಿದೆ. ಲಿಪಿ ಬದಲಾದರೂ ಬೆರಳು ಬದಲಾಗಬೇಕಿಲ್ಲವೆಂಬ ತತ್ತ್ವ ಅಕ್ಷರಕ್ಕೆ ಸಲ್ಲುವುದಾದರೆ ಸ್ವರಕ್ಕೆ ಏಕೆ ಸಲ್ಲಬಾರದು?

ಪರಕೀಯ ವಾದ್ಯವನ್ನು ತಿದ್ದಿಕೊಳ್ಳುವುದು ನಮಗೆ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರ ಕಾಲಕ್ಕೆ ಪಿಟೀಲು ನಮ್ಮ ಸಂಗೀತಕ್ಕೆ ಬಂದಾಗ ಅದರ ತಂತಿಗಳ ಶ್ರುತಿಯನ್ನು ಬದಲಿಸಿ ಸ-ಪ-ಸ-ಪ ಎಂದು ಕೂಡಿಸಿದರು. ಹಿಡಿಯುವ ಭಂಗಿಯನ್ನೂ ಬದಲಿಸಿದರು. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯದಾಗಿ ಮಾಡಿ ಕಚೇರಿ ನಡೆಸಿದರು. ವೈಣಿಕರು ಶ್ರುತಿಗೆ ತಕ್ಕಂತೆ ತಂತಿಯನ್ನು ಬಿಗಿಮಾಡುತ್ತಾರೆ. ಕೊಳಲಿನವರು ಶ್ರುತಿಗೊಂದು ಕೊಳಲನ್ನು ಇಟ್ಟುಕೊಳ್ಳುತ್ತಾರೆ. ಹೀಗೆ ನಮ್ಮ ವಾದ್ಯಗಳಲ್ಲೆಲ್ಲ ಷಡ್ಜ ಎಲ್ಲಿ ಹೋದರೂ ಬೆರಳಿನ ನಡೆ ಒಂದೇ. ಮನೆಯ ಪೆಟ್ಟಿಗೆಯೊಂದನ್ನು ಮಾತ್ರ ನಾವು ಬಂದ ಹಾಗೆಯೇ ಸ್ವೀಕರಿಸಿದೆವು. 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಮನ್ನು ನಿಷೇಧಿಸಿತು. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲವಾಯಿತು. ಅದರ ಸ್ವರಗಳು ಶುದ್ಧವಲ್ಲ, ಅದರಲ್ಲಿ ಗಮಕ ಬಾರದು ಎಂದು ಎರಡು ಆಪಾದನೆಗಳು ಕೇಳಿಬಂದವು. ಎರಡೂ ನಿಜವೇ. ಮನೆಗಳ ವಿನ್ಯಾಸವೂ ನಮ್ಮದಲ್ಲವೆಂಬ ಮೂರನೆಯ ದೋಷ ಆ ವಾದದ ಗದ್ದಲದಲ್ಲಿ ಮುಂದೆ ಬರಲೇ ಇಲ್ಲ.

ಇದಕ್ಕೆ ಒಂದು ಬಲವಾದ ಪ್ರತ್ಯುತ್ತರವುಂಟು. ಇಡೀ ಮನೆಗಳ ಹಲಗೆಯನ್ನೇ ಪಕ್ಕಕ್ಕೆ ಸರಿಸಬಲ್ಲ ಹಾರ್ಮೋನಿಯಮುಗಳಿವೆ. ವಿದ್ಯುನ್ಮಾನ ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಗುಂಡಿಯೇ ಇದೆ. ಯಾವ ಶ್ರುತಿಯಾದರೂ ವಿದ್ಯಾರ್ಥಿ ಒಂದನೆಯ ಮನೆಯನ್ನೇ ಷಡ್ಜವಾಗಿ ಒತ್ತಬಹುದು. ಒಬ್ಬನೇ ಕುಳಿತು ಒಂದೇ ಶ್ರುತಿಯಲ್ಲಿ ನುಡಿಸುವವನಿಗೆ ಇದರಿಂದ ಕೆಲಸ ಸಾಗುವುದೆಂದು ಒಪ್ಪಬೇಕು. ಆದರೆ ಆಗಲೂ ರಿಷಭದಿಂದ ಗಾಂಧಾರಕ್ಕೂ ಗಾಂಧಾರದಿಂದ ಮಧ್ಯಮಕ್ಕೂ ಇರುವ ದೂರ ಕಣ್ಣಿಗೆ ಒಂದೇ ಆಗಿ ತೋರುವುದು; ನಿಜದಲ್ಲಿ ಒಂದು ಇನ್ನೊಂದರ ಇಮ್ಮಡಿ. ಗ್ರಹಭೇದವನ್ನು ವಿವರಿಸಹೊರಟ ಅಧ್ಯಾಪಕನಿಗಂತೂ ಆ ಗುಂಡಿ ಏನೂ ನೆರವಾಗದು, ಏಕೆಂದರೆ ಅಲ್ಲಿ ಚಲಿಸಬೇಕಾದದ್ದು ಯಂತ್ರದ ಶ್ರುತಿಯಲ್ಲ, ಹಲಗೆಯ ಮೇಲಿನ ಷಡ್ಜ.

ಗಮಕದ ಪ್ರಶ್ನೆ ಇನ್ನೂ ಮುಖ್ಯವಾದುದು. ನನ್ನ ಪಕ್ಷದ ನಿಜವಾದ ಬಲವಿರುವುದು ಇಲ್ಲಿಯೇ ಎಂದು ತೋರುತ್ತದೆ. ಒತ್ತಿದರೆ ನುಡಿದು ಬಿಟ್ಟರೆ ನಿಲ್ಲುವ ಮನೆಯಿಂದ ಕಂಪಿತವಾಗಲಿ ಜಾರುವಾಗಲಿ ಬಾರದು, ವಿನ್ಯಾಸ ಯಾವುದೇ ಇರಲಿ. ಆದರೆ ಬೆರಳಿನ ಸ್ಥಾನವನ್ನೂ ಒತ್ತಡವನ್ನೂ ಅಳೆದು ಸ್ವರವನ್ನು ಸ್ವಲ್ಪಸ್ವಲ್ಪವಾಗಿ ಬಾಗಿಸುವ ಹಲಗೆಗಳು ಈಗ ಇವೆ. ಅಮೆರಿಕದ ರಾಜರ್ ಲಿನ್ 2014ರಲ್ಲಿ ಹೊರತಂದ ಲಿನ್‌ಸ್ಟ್ರುಮೆಂಟ್ ಎಂಬ ವಾದ್ಯದಲ್ಲಿ ಎಂಟು ಸಾಲುಗಳಲ್ಲಿ ಇನ್ನೂರು ಚೌಕಗಳಿವೆ. ಒಂದು ಸಾಲಿನ ಪಕ್ಕಪಕ್ಕದ ಚೌಕಗಳು ಅಕ್ಕಪಕ್ಕದ ಸ್ವರಸ್ಥಾನಗಳು. ಬೆರಳನ್ನು ಪಕ್ಕಕ್ಕೆ ಜಾರಿಸಿದರೆ ಸ್ವರವೂ ತಡೆಯಿಲ್ಲದೆ ಜಾರುವುದು. ಇದು ಸಾಧ್ಯವಾದದ್ದು ಆ ಹಲಗೆ ಏಕರೂಪವಾಗಿರುವುದರಿಂದ. ಪಿಯಾನೋದ ಹಲಗೆಯ ಮೇಲೆ ಹಾಗೆ ಜಾರಿದರೆ ಒಂದು ಕಡೆ ಒಂದು ಅಂಗುಲಕ್ಕೆ ಎರಡು ಮೆಟ್ಟಿಲು, ಮತ್ತೊಂದು ಕಡೆ ಅಷ್ಟೇ ದೂರಕ್ಕೆ ಒಂದೇ ಮೆಟ್ಟಿಲು ಏರಬೇಕಾಗುವುದು; ಅಂತಹ ಹಲಗೆಯಲ್ಲಿ ಕೈ ಗಮಕವನ್ನು ಕಲಿಯುವುದು ಹೇಗೆ? ಏಕರೂಪತೆ ಗಮಕವನ್ನು ತಾನೇ ಕೊಡದು, ಆದರೆ ಅದಿದ್ದರೆ ಗಮಕಕ್ಕೆ ದಾರಿ ಸುಗಮವಾಗುವುದು.

ಸ್ವರಶುದ್ಧಿಯ ಆಪಾದನೆಯೂ ಇಂದು ಪರಿಹಾರವಾಗಬಲ್ಲುದು. ಷಡ್ಜದ ಕಂಪನಸಂಖ್ಯೆ 240 ಎಂದಿಟ್ಟುಕೊಂಡರೆ ತಂಬೂರಿಯ ಷಡ್ಜದ ತಂತಿಯಲ್ಲಿ ಅದರ ಐದರಷ್ಟು, ಎಂದರೆ 1200ರ ಸ್ವರವೂ ಸೂಕ್ಷ್ಮವಾಗಿ ಕೇಳುವುದು. ಶುದ್ಧವಾದ ಅಂತರ ಗಾಂಧಾರ 300. ಅದರ ನಾಲ್ಕರಷ್ಟೂ 1200. ಎರಡೂ ಬೆರೆತು ಒಂದಾಗುತ್ತವೆ. ಹಾರ್ಮೋನಿಯಮಿನ ಗಾಂಧಾರವಾದರೋ 302.4, ಅದರ ನಾಲ್ಕರಷ್ಟು ಸುಮಾರು 1209.5. ಸೆಕೆಂಡಿಗೆ ಒಂಬತ್ತು ಹತ್ತು ಸಲ ಉಬ್ಬಿಳಿಯುವ ಆ ಒರಟನ್ನೇ ಸೂಕ್ಷ್ಮಕರ್ಣಗಳು ದೂರುವುದು. ವಿದ್ಯುನ್ಮಾನ ವಾದ್ಯದಲ್ಲಿ ಸ್ವರವೆಂದರೆ ಒಂದು ಸಂಖ್ಯೆ. ಷಡ್ಜ ಯಾವ ಮನೆಯಲ್ಲಿದೆಯೆಂದು ಯಂತ್ರಕ್ಕೆ ತಿಳಿಸಿದರೆ ಉಳಿದ ಹನ್ನೊಂದನ್ನೂ ಅದು ಶುದ್ಧ ಅನುಪಾತಗಳಲ್ಲಿ ಕೂರಿಸಬಲ್ಲುದು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಯಾಂಕೊನ ಕಾಲದಲ್ಲಿ ಮನೆಯೆಂದರೆ ಸನ್ನೆ, ಸುತ್ತಿಗೆ, ತಂತಿಗಳ ದುಬಾರಿ ಸರಪಳಿ. ಇಂದು ಮನೆಯೆಂದರೆ ಒಂದು ಸ್ವಿಚ್ಚು. ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಗಾಜಿನ ಪರದೆಯ ಮೇಲಂತೂ ಮನೆಯೇ ಇಲ್ಲ, ಬರಿಯ ಚಿತ್ರ. ಆದರೂ ಅಲ್ಲಿ 1361ರ ಚಿತ್ರವನ್ನೇ ಬರೆಯುತ್ತಿದ್ದೇವೆ! ವಿದ್ಯುನ್ಮಾನ ತಂಬೂರಿಯನ್ನು ತಯಾರಿಸಿ ಹೆಸರಾದ ಊರು ಬೆಂಗಳೂರು. ವೈಟ್‌ಫೀಲ್ಡಿನ ಎತ್ತರದ ಕಟ್ಟಡಗಳಲ್ಲಿ ಸಂಜೆಯ ಹೊತ್ತು ಎಷ್ಟೋ ಮಕ್ಕಳು ಕೀಬೋರ್ಡಿನ ಮೇಲೆ ಸರಳೆ ವರಸೆ ನುಡಿಸುತ್ತಾರೆ. ಅದೇ ಕಟ್ಟಡಗಳಲ್ಲಿ ವಾಸಿಸುವ ಎಂಜಿನಿಯರುಗಳು ದೂರದೇಶಗಳ ಯಂತ್ರಗಳಿಗೆ ಬುದ್ಧಿ ತುಂಬುತ್ತಾರೆ. ಈ ಎರಡು ಕೋಣೆಗಳ ನಡುವಿನ ಗೋಡೆ ಅಷ್ಟೇನೂ ದಪ್ಪವಲ್ಲ.

ಹೆಚ್ಚೇನೂ ಬೇಕಿಲ್ಲ. ಮೂರು ಸ್ಥಾಯಿಗಳ ಹಲಗೆಗೆ ಮೊದಲ ಸಾಲಿನಲ್ಲಿ ಹತ್ತೊಂಬತ್ತು, ಎರಡನೆಯದರಲ್ಲಿ ಹದಿನೆಂಟು, ನಕಲಾದ ಮೂರನೆಯದರಲ್ಲಿ ಹತ್ತೊಂಬತ್ತು, ಒಟ್ಟು ಐವತ್ತಾರು ಗುಂಡಿಗಳು. ಮೂರನೆಯ ಸಾಲಿನ ತಂತಿಗಳನ್ನು ಮೊದಲನೆಯದಕ್ಕೆ ಬೆಸೆದರೆ ಯಂತ್ರದ ಲೆಕ್ಕಕ್ಕೆ ಸ್ವರಗಳು ಮೂವತ್ತೇಳೇ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಕೆಲಸವಿದು. ಕರಿ-ಬಿಳಿಗಳಿಲ್ಲದಿದ್ದರೆ ಬೆರಳಿಗೆ ದಿಕ್ಕು ತಪ್ಪುವುದೆಂಬ ಆಕ್ಷೇಪಣೆ, ವಿಶೇಷವಾಗಿ ದೃಷ್ಟಿಯಿಲ್ಲದ ವಾದಕರ ಪರವಾಗಿ, ನ್ಯಾಯವಾದುದೇ. ಅದಕ್ಕೆ ಷಡ್ಜ, ಪಂಚಮಗಳ ಗುಂಡಿಗಳಿಗೆ ಮಾತ್ರ ಉಬ್ಬಾದ ಟೋಪಿಗಳನ್ನು ತೊಡಿಸಿದರಾಯಿತು. ಟೋಪಿಗಳು ಕಳಚಿ ಹಾಕುವಂತಿರಲಿ; ಬೇರೆ ಶ್ರುತಿಯವರು ಬಂದು ಕುಳಿತಾಗ ಅವನ್ನು ಕಿತ್ತು ಅವರ ಷಡ್ಜಕ್ಕೂ ಪಂಚಮಕ್ಕೂ ಕೂರಿಸಬಹುದು.