ಏಳನೇ ತರಗತಿಗೆ ಸಾರಾಂಶ ಯಾಕೆ ಬೇಕು?

ಫೆಬ್ರವರಿ ಕೊನೆಯ ವಾರ. ತಿಕೋಟಾ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳಿಂದ ಮಳೆಯ ಮೇಲಿನ ಒಂದು ಪದ್ಯ ಓದಿಸುತ್ತಿದ್ದೆ. ಪಿಎಚ್.ಡಿ. ಕ್ಷೇತ್ರಕಾರ್ಯದ ನಡುವೆ ವಾರಕ್ಕೆರಡು ದಿನ ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಪದ್ಯ ಓದುವ, ಆಡುವ ಕೆಲಸವನ್ನು ನಾನಾಗಿಯೇ ಹಚ್ಚಿಕೊಂಡಿದ್ದೆ. ವಿಜಯಪುರ ನಗರದಲ್ಲಿ ಒಂದು ಶಾಲೆ, ತಿಕೋಟಾ ಕಡೆ ಒಂದು, ಬಬಲೇಶ್ವರ ಕಡೆ ಒಂದು.

ಹುಡುಗಿಯೊಬ್ಬಳು ಎದ್ದು ನಿಂತು ಓದಿದಳು. ಮೋಡ ಕಟ್ಟುವ ಸಾಲುಗಳವರೆಗೆ ಸರಿಯಾಗಿಯೇ ಇತ್ತು. ಮಳೆ ಸುರಿಯುವ ಸಾಲು ಬಂದಾಗ ಅವಳ ದನಿ ಕುಸಿಯಿತು. ಸುದ್ದಿ ಹೇಳಲು ಬಂದು ಹೇಳಲಾಗದೆ ನಿಂತವರ ಹಾಗೆ ಓದಿದಳು. ನಾನು ತಡೆದೆ. ‘ಖುಷಿಯಿಂದ ಓದವ್ವ, ಮಳೆ ಬಂದೈತಿ’ ಅಂದೆ. ಮತ್ತೆ ಓದಿದಳು, ಮತ್ತೆ ಹಾಗೆಯೇ. ಮೂರನೇ ಸಲ ಹೇಳಿದಾಗ ನಾನು ಕೇಳಿದಂತೆ ಓದಿದಳು. ಎತ್ತರದ ದನಿ, ಕೈ ಮೇಲೆ, ಮುಖದಲ್ಲಿ ನಗು. ನಾನು ಚಪ್ಪಾಳೆ ತಟ್ಟಿಸಿದೆ.

ಊಟದ ಬಿಡುವಿನಲ್ಲಿ ಅವಳ ಗೆಳತಿ ಹೇಳಿದಳು: ‘ಮಿಸ್, ಅವರ ದ್ರಾಕ್ಷಿ ಶೆಡ್ಡಿನ್ಯಾಗ ಅದಾವ್ರೀ.’

ತಿಕೋಟಾ ಭಾಗದವರಿಗೆ ಇಷ್ಟು ಸಾಕು. ಉಳಿದವರಿಗಾಗಿ ಹೇಳುತ್ತೇನೆ. ಇಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿಯ ಕಾಲ. ಕಟಾವು ಮಾಡಿದ ಹಣ್ಣನ್ನು ದ್ರಾವಣದಲ್ಲಿ ಅದ್ದಿ, ತೆರೆದ ಶೆಡ್ಡಿನ ಬಲೆಗಳ ಮೇಲೆ ಹದಿನೈದು ಇಪ್ಪತ್ತು ದಿನ ಹರವಿರುತ್ತಾರೆ. ಆ ದಿನಗಳಲ್ಲಿ ಮಳೆ ಬಂದರೆ, ಬರೀ ಮೋಡ ಮುಸುಕಿದರೂ ಸಾಕು, ಹಣ್ಣು ಕಪ್ಪಿಡುತ್ತದೆ, ದರ ಬೀಳುತ್ತದೆ, ವರ್ಷದ ಸಾಲ ಹಾಗೇ ನಿಲ್ಲುತ್ತದೆ. ಆ ವಾರ ಮೋಡ ಆಗಿತ್ತು. ಹುಡುಗಿ ಪದ್ಯವನ್ನು ಅರ್ಥ ಮಾಡಿಕೊಂಡೇ ಓದಿದ್ದಳು. ಅರ್ಥವಾಗದೆ ಇದ್ದವಳು ನಾನು. ‘ಕವಿಯು ಮಳೆಯ ಸಂಭ್ರಮವನ್ನು ವರ್ಣಿಸಿದ್ದಾರೆ’ ಎಂಬ ಗೈಡಿನ ಸಾಲನ್ನು ನಾನು ಅವಳ ಗಂಟಲಿಗೆ ತುರುಕಿದ್ದೆ, ಅದಕ್ಕೆ ಅಭಿನಯ ಅಂತ ಹೆಸರಿಟ್ಟು.

ಅದಾದ ಮೇಲೆ ನನಗೆ ಈ ಸಾರಾಂಶ ಎಂಬ ವ್ಯವಹಾರದ ಮೇಲೆಯೇ ಸಿಟ್ಟು ಬಂದಿದೆ. ಐದರಿಂದ ಎಂಟನೇ ತರಗತಿಯವರೆಗೆ ನಮ್ಮ ಪದ್ಯದ ಪಾಠ ಹೇಗಿರುತ್ತದೆ ನೋಡಿ. ಶಿಕ್ಷಕರು ಒಮ್ಮೆ ಓದುತ್ತಾರೆ, ಕಠಿಣ ಪದಗಳ ಅರ್ಥ ಬೋರ್ಡಿಗೆ ಬರುತ್ತದೆ, ಸಾರಾಂಶ ನೋಟ್‌ಬುಕ್ಕಿಗೆ ಇಳಿಯುತ್ತದೆ, ‘ಪದ್ಯಭಾಗವನ್ನು ಪೂರ್ಣಗೊಳಿಸಿ’ ಎಂಬ ಪ್ರಶ್ನೆಗಾಗಿ ನಾಲ್ಕು ಸಾಲು ಬಾಯಿಪಾಠವಾಗುತ್ತವೆ. ನಲವತ್ತು ಮಕ್ಕಳಲ್ಲಿ ಮೂವತ್ತೈದು ಮಂದಿ ಆ ಪದ್ಯವನ್ನು ತಮ್ಮ ದನಿಯಲ್ಲಿ ಒಮ್ಮೆಯೂ ಪೂರ್ತಿ ಹೇಳದೆ ಮುಂದಿನ ಪಾಠಕ್ಕೆ ಹೋಗುತ್ತಾರೆ. ನಲಿ-ಕಲಿಯಲ್ಲಿ ಕುಣಿದು ಹಾಡಿದ ಮಕ್ಕಳೇ ಇವರು. ಹಾಡುವುದು ಚಿಕ್ಕವರ ಕೆಲಸ, ಬರೆಯುವುದು ದೊಡ್ಡವರ ಕೆಲಸ ಅಂತ ನಾಲ್ಕನೇ ತರಗತಿಯ ಆಸುಪಾಸಿನಲ್ಲಿ ಎಲ್ಲೋ ತೀರ್ಮಾನವಾಗಿಬಿಡುತ್ತದೆ. ದನಿ ಒಡೆಯುವ, ಮೈಮೇಲೆ ನಾಚಿಕೆ ಹುಟ್ಟುವ, ಬಾಯಿ ಬಿಟ್ಟು ಹೇಳಲಾಗದ್ದು ಬಹಳ ಇರುವ ವಯಸ್ಸು ಇದು. ಪದ್ಯ ಬೇಕಾಗುವುದೇ ಈಗ.

‘ಯಾಕೆ, ಪ್ರತಿಭಾ ಕಾರಂಜಿ ಇಲ್ಲವೇ?’ ಎಂದು ಕೇಳಬಹುದು. ಇದೆ. ಕ್ಲಸ್ಟರ್‌ನಿಂದ ರಾಜ್ಯದವರೆಗೆ ಹತ್ತುವ ಆ ಏಣಿ ಹಳ್ಳಿಯ ಎಷ್ಟೋ ಮಕ್ಕಳ ಕೈಗೆ ಮೊದಲ ಸಲ ಮೈಕು ಕೊಟ್ಟಿದೆ. ನನ್ನ ತಕರಾರು ಅದರ ಮೇಲಲ್ಲ, ಅದನ್ನು ತೋರಿಸಿ ತರಗತಿಯನ್ನು ಖಾಲಿ ಬಿಡುವುದರ ಮೇಲೆ. ಸ್ಪರ್ಧೆಗೆ ಒಂದು ಮಗು ಸಾಕು. ಚುರುಕಾದ, ಉಚ್ಚಾರ ‘ಶುದ್ಧ’ ಇರುವ ಒಂದು ಮಗು. ಬಬಲೇಶ್ವರದ ಕಡೆಯ ಶಾಲೆಯಲ್ಲಿ ನಾನೂ ಹೀಗೆ ಒಬ್ಬನನ್ನು ಆರಿಸಿದೆ. ಮೂರು ವಾರ ಅವನೊಬ್ಬನಿಗೇ ತರಬೇತಿ. ಅವನಿಗೆ ಎರಡನೇ ಬಹುಮಾನ ಬಂತು, ಅಸೆಂಬ್ಲಿಯಲ್ಲಿ ಹೆಸರು ಕೂಗಿದರು. ಮುಂದಿನ ವಾರ ‘ಯಾರು ಓದ್ತೀರಿ?’ ಅಂದರೆ ಇಡೀ ತರಗತಿ ಅವನ ಕಡೆ ತಿರುಗಿ ನೋಡಿತು. ಪದ್ಯ ಅವನದು, ಕೇಳುವುದು ತಮ್ಮದು ಅಂತ ಉಳಿದವರೆಲ್ಲ ಕಲಿತಿದ್ದರು. ಕಲಿಸಿದ್ದು ನಾನು.

ಇನ್ನು ಈ ‘ಶುದ್ಧ ಉಚ್ಚಾರ’. ಮಹಾಪ್ರಾಣ ತಪ್ಪಿತೆಂದು ಸಾಲಿನ ಮಧ್ಯೆ ಮಗುವನ್ನು ನಿಲ್ಲಿಸುವವರು ಒಂದು ಲೆಕ್ಕ ಹಾಕಬೇಕು. ಪದ್ಯದ ಒಂದು ಚರಣದಲ್ಲಿ ನಾಲ್ಕು ಸಲ ತಡೆದರೆ ಲಯ ಎಲ್ಲಿ ಉಳಿಯಿತು? ನಮ್ಮ ತರಗತಿಗಳಲ್ಲಿ ಮನೆಯಲ್ಲಿ ದಖನಿ ಆಡುವ ಮಕ್ಕಳಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ, ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಹೋಗಿ ವರ್ಷದ ನಡುವೆ ಮರಳುವವರಿದ್ದಾರೆ. ಉಚ್ಚಾರ ತಿದ್ದಬಾರದು ಎನ್ನುತ್ತಿಲ್ಲ. ಮೊದಲು ಮುಗಿಸಲಿ, ಆಮೇಲೆ ತಿದ್ದೋಣ.

ಈ ಮಾತು ಈ ಜಿಲ್ಲೆಯಲ್ಲಿ ಹೇಳಬೇಕಾಗಿ ಬಂದಿದೆಯಲ್ಲ ಎನ್ನುವುದೇ ನನಗೆ ವಿಚಿತ್ರ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸು ತೊರವಿಯ ಮೇಲೆಯೇ ಹೋಗುತ್ತದೆ. ಕುಮಾರ ವಾಲ್ಮೀಕಿ ಎಂದು ಕರೆದುಕೊಂಡ ಕವಿ ‘ತೊರವೆ ರಾಮಾಯಣ’ವನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟಿದ್ದು ಈ ಊರಿನ ನರಸಿಂಹನ ಹೆಸರಿನಲ್ಲಿ. ಅದು ಕಣ್ಣಿನಲ್ಲಿ ಓದಲಿಕ್ಕೆ ಕಟ್ಟಿದ್ದಲ್ಲ, ಹಾಡಿ ಹೇಳಲಿಕ್ಕೆ. ಅದೇ ತೊರವಿಯ ಬಳಿ ನವರಸಪುರ ಕಟ್ಟಲು ಹೊರಟ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ತನ್ನ ‘ಕಿತಾಬ್-ಎ-ನವರಸ್’ನ ಹಾಡುಗಳಿಗೆ ರಾಗದ ಹೆಸರುಗಳನ್ನೂ ಕೊಟ್ಟ. ಬಿಜಾಪುರದ ಸೂಫಿಗಳಂತೂ ನಮ್ಮ ಬಿ.ಎಡ್. ಕಾಲೇಜುಗಳಿಗೆ ಪಾಠ ಹೇಳಬಹುದು. ದೊಡ್ಡ ತತ್ವವನ್ನು ಸಾಮಾನ್ಯ ಜನಕ್ಕೆ ಮುಟ್ಟಿಸಲು ಅವರ ಪರಂಪರೆ ಹುಡುಕಿಕೊಂಡ ದಾರಿ ಚಕ್ಕಿನಾಮಾ. ಹೆಂಗಸರು ಬೀಸುವಾಗ ಹೇಳುವ ದಖನಿ ಹಾಡು. ಕಲ್ಲು ತಿರುಗುವ ಲಯಕ್ಕೇ ಪಾಠ. ಮೊದಲು ಕೈಗೆ, ಆಮೇಲೆ ಕಿವಿಗೆ, ಕೊನೆಗೆ ಬುದ್ಧಿಗೆ. ನಾವು ಅದನ್ನು ತಿರುವುಮುರುವು ಮಾಡಿ, ಬುದ್ಧಿಗೆ ಹೇಳಿ ಅಲ್ಲಿಗೇ ನಿಲ್ಲಿಸಿದ್ದೇವೆ.

ಹಲಸಂಗಿ ಗೆಳೆಯರನ್ನೂ ನೆನೆಯಬೇಕು. ಮಧುರಚೆನ್ನರ ಗುಂಪು ಹಳ್ಳಿಯ ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿತು. ಆ ಗುಂಪಿನ ಸಿಂಪಿ ಲಿಂಗಣ್ಣನವರು ಶಾಲಾ ಮಾಸ್ತರರು. ಬಾಯಲ್ಲಿದ್ದುದನ್ನು ಅವರು ಪುಸ್ತಕಕ್ಕೆ ತಂದರು, ಕಳೆದುಹೋಗಬಾರದೆಂದು. ಅದನ್ನು ಮತ್ತೆ ಬಾಯಿಗೆ ಕೊಡುವ ಕೆಲಸ ಮುಂದಿನ ಮಾಸ್ತರರದಾಗಿತ್ತು. ಇಂದು ಮಗು ತ್ರಿಪದಿಯನ್ನು ಪುಸ್ತಕದಲ್ಲಿ ನೋಡಿ ‘ಇದರ ಸಾರಾಂಶ ಎಷ್ಟು ಮಾರ್ಕಿಗೆ ಬರ್ತೈತ್ರಿ?’ ಎಂದು ಕೇಳುತ್ತದೆ. ಮನೆಯಲ್ಲಿ ಅದರ ಅಜ್ಜಿಗೆ ಅದೇ ಧಾಟಿಯ ಹಾಡು ಬರುತ್ತದೆ ಎಂಬುದನ್ನು ಯಾರೂ ಕೇಳಿಲ್ಲ.

ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಇಬ್ಬರು ಶಿಕ್ಷಕರು ಮೂರು ತರಗತಿ ನಡೆಸುವ ಶಾಲೆಯಲ್ಲಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಇವುಗಳ ಮಧ್ಯೆ ‘ನಾಟಕ ಆಡಿಸಿ’ ಎಂದರೆ ಯಾರಿಗಾದರೂ ಸಿಟ್ಟು ಬಂದೀತು. ಆದರೆ ನಾನು ಹೇಳುತ್ತಿರುವುದು ವೇಷಭೂಷಣದ ನಾಟಕವಲ್ಲ. ಆ ದ್ರಾಕ್ಷಿಯ ಪ್ರಸಂಗದ ನಂತರ ಬಬಲೇಶ್ವರದ ಕಡೆಯ ತರಗತಿಯಲ್ಲಿ ಎರಡೇ ಶಬ್ದ ಕೊಟ್ಟೆ: ‘ಮಳಿ ಬಂತು’. ಹಿಂಗಾರಿ ಬಿತ್ತಿ ಕುಳಿತವ ಹೇಗೆ ಹೇಳುತ್ತಾನೆ? ಶೆಡ್ಡಿನಲ್ಲಿ ದ್ರಾಕ್ಷಿ ಹರವಿದವ? ಮಾಳಿಗೆ ಸೋರುವ ಮನೆಯ ಅವ್ವ? ಕಬ್ಬಿನ ಹೊಲದ ಗುಡಿಸಲಿನಲ್ಲಿ ತಮ್ಮನನ್ನು ಕಾಯುತ್ತ ಕೂತ ಹುಡುಗಿ? ಹಿಂದಿನ ಬೆಂಚಿನ ಹುಡುಗನೊಬ್ಬ, ನನಗೆ ಅಲ್ಲಿಯವರೆಗೆ ಅವನ ದನಿಯೇ ಗೊತ್ತಿರಲಿಲ್ಲ, ಆ ಕೊನೆಯದನ್ನು ಪಿಸುಮಾತಿನಲ್ಲಿ ಹೇಳಿದ. ಯಾರೂ ನಗಲಿಲ್ಲ. ಆಮೇಲೆ ಪಠ್ಯದ ಪದ್ಯ ತೆಗೆದು ‘ಇದನ್ನು ಹೇಳುತ್ತಿರುವವರು ಇವರಲ್ಲಿ ಯಾರು?’ ಎಂದು ಕೇಳಿದೆ. ಜಗಳವೇ ಆಯಿತು. ಇಪ್ಪತ್ತು ನಿಮಿಷ, ಖರ್ಚು ಸೊನ್ನೆ. ಕವಿಯ ಸಂಭ್ರಮವೂ ಅವರಿಗೆ ಸಿಕ್ಕಿತು, ಎಲ್ಲರ ಮಳೆ ಒಂದೇ ಅಲ್ಲ ಎಂಬುದರ ಜೊತೆಗೇ.

‘ಹಾಗಾದರೆ ಪದ್ಯಕ್ಕೆ ಯಾವ ಅರ್ಥ ಬೇಕಾದರೂ ಹಚ್ಚಬಹುದೇ?’ ಎಂದು ನನ್ನ ಜೊತೆಯ ಸಂಶೋಧಕರೊಬ್ಬರು ಕೇಳಿದರು. ಇಲ್ಲ. ಗಟ್ಟಿಯಾಗಿ ಓದಿದಾಗ ಪದ್ಯವೇ ಅಡ್ಡ ಬರುತ್ತದೆ. ಕುಣಿಯುವ ಲಯದ ಸಾಲನ್ನು ಅಳುತ್ತ ಓದಲು ಹೋದ ಮಗುವಿಗೆ ಎರಡನೇ ಸಾಲಿನಲ್ಲೇ ಉಸಿರು ತಪ್ಪುತ್ತದೆ. ಆಗ ಅದು ತಾನೇ ನಿಂತು ಯೋಚಿಸುತ್ತದೆ. ಗೈಡು ಯಾವತ್ತೂ ಹಾಗೆ ನಿಲ್ಲಿಸಿದ್ದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳೂ ಇದರಲ್ಲಿ ಸಾಚಾ ಅಲ್ಲ. ನನ್ನ ಪ್ರಬಂಧದ ಅನುಬಂಧದಲ್ಲಿ ಈಗ ಅರವತ್ತಕ್ಕೂ ಹೆಚ್ಚು ಹಾಡುಗಳಿವೆ, ಹಾಡಿದವರ ವಯಸ್ಸು, ಊರು, ದಿನಾಂಕದ ಸಮೇತ. ಅವುಗಳಲ್ಲಿ ಕೆಲವು ಈ ಮಕ್ಕಳ ಅಜ್ಜಿಯಂದಿರಿಂದಲೇ ಬಂದವು. ಒಂದನ್ನೂ ನಾನು ಅವರ ತರಗತಿಗೆ ಒಯ್ದಿರಲಿಲ್ಲ. ‘ದತ್ತಾಂಶ’ ಅಂತ ಕರೆದಿದ್ದೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ತಿಕೋಟಾಕ್ಕೆ ಹೋದೆ. ಆ ಹುಡುಗಿ ಎಂಟನೇ ತರಗತಿಗೆ ಬೇರೆ ಶಾಲೆ ಸೇರಿದ್ದಳು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವತ್ತು ನಿನ್ನನ್ನು ತಡೆದಿದ್ದು ತಪ್ಪಾಯಿತು, ನೀನು ಮೊದಲು ಓದಿದ್ದೇ ಸರಿ ಇತ್ತು ಎಂದು ಹೇಳಿದೆ. ಅವಳಿಗೆ ಮೊದಲು ಯಾವುದೆಂದು ನೆನಪಾಗಲಿಲ್ಲ. ಆಮೇಲೆ ನಕ್ಕಳು.

‘ಪರೀಕ್ಷಾದಾಗ ಅದ ಬಂದಿತ್ರೀ ಮಿಸ್. ನೀವು ಹೇಳಿದಂಗ ಮಳಿ ಬಂದಿದ್ದಕ್ಕ ಎಲ್ಲಾರೂ ಖುಷಿ ಆದರು ಅಂತ ಬರದೆ. ಪೂರ್ತಿ ಮಾರ್ಕ್ಸ್ ಕೊಟ್ಟಾರ.’

ದ್ರಾಕ್ಷಿ ಏನಾಯಿತು ಎಂದು ಕೇಳಿದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.