ಬೆಳಗಾವಿ–ಖಾನಾಪುರ ಹೆದ್ದಾರಿ: ಆಯುಷ್ಯ ಅಡಗಿರುವುದು ಕೆಳಪದರದಲ್ಲಿ

ಬೆಳಗಾವಿ: ಮಳೆಗಾಲ ಬಂತೆಂದರೆ ರಸ್ತೆ ಗುಂಡಿಗಳ ಬಗ್ಗೆ ಆಕ್ರೋಶ, ಡಾಂಬರು ಕಳಪೆ ಎಂಬ ಆರೋಪ, ಮಳೆ ನಿಂತ ಮೇಲೆ ಮತ್ತೊಂದು ತೇಪೆ. ರಾಜ್ಯದ ಯಾವುದೇ ನಗರದ ನಾಗರಿಕರಿಗೂ ಇದು ಚಿರಪರಿಚಿತ ದೃಶ್ಯ. ಆದರೆ ರಸ್ತೆಯ ಆಯುಷ್ಯ ನಿರ್ಧಾರವಾಗುವುದು ಕಣ್ಣಿಗೆ ಕಾಣುವ ಮೇಲ್ಮೈಯಲ್ಲಿ ಮಾತ್ರವಲ್ಲ. ಅದರ ಕೆಳಗೆ ಅರ್ಧ ಮೀಟರಿಗೂ ಹೆಚ್ಚು ಆಳದಲ್ಲಿರುವ ಮಣ್ಣಿನಲ್ಲಿ, ಆ ಮಣ್ಣಿನ ಬಗ್ಗೆ ವಿನ್ಯಾಸಕಾರರು ಗಣಕಯಂತ್ರದಲ್ಲಿ ನಮೂದಿಸುವ ಒಂದೇ ಒಂದು ಅಂಕಿಯಲ್ಲಿ ಅದರ ಬಹುಪಾಲು ಅಡಗಿದೆ. ಆ ಅಂಕಿಯನ್ನು ಸಾರ್ವಜನಿಕರು ನೋಡುವುದೇ ಅಪರೂಪ.

ಬೆಳಗಾವಿಯಿಂದ ಖಾನಾಪುರದವರೆಗಿನ ಸುಮಾರು 30 ಕಿ.ಮೀ. ಹೆದ್ದಾರಿ ಈ ಮಾತಿಗೆ ಉತ್ತಮ ನಿದರ್ಶನ. ಹಿಂದೆ ರಾಷ್ಟ್ರೀಯ ಹೆದ್ದಾರಿ 4ಎ ಎಂದು ಕರೆಯಲಾಗುತ್ತಿದ್ದ, ಈಗ 748 ಎಂಬ ಸಂಖ್ಯೆ ಹೊತ್ತಿರುವ ಈ ಮಾರ್ಗ ಉದ್ಯಮಬಾಗ, ಮಚ್ಛೆ, ಗಣೇಬೈಲ್ ದಾಟಿ ಖಾನಾಪುರ ಸೇರುತ್ತದೆ. ಮುಂದೆ ಅನಮೋಡ ಘಾಟಿನ ಮೂಲಕ ಗೋವಾಕ್ಕೆ ಇಳಿಯುತ್ತದೆ. ಗೋವಾದ ಮಾರುಕಟ್ಟೆಗಳಿಗೆ ಬೆಳಗಾವಿಯ ತರಕಾರಿ, ಹಾಲು ಸಾಗುವುದು ಈ ದಿಕ್ಕಿನ ರಸ್ತೆಗಳಿಂದಲೇ. ಬೆಳಗಾವಿ–ಖಾನಾಪುರ ಭಾಗದ ಚತುಷ್ಪಥ ಕಾಮಗಾರಿಯನ್ನು ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ ವಹಿಸಲಾಯಿತು. ಈ ಮಾದರಿಯಲ್ಲಿ ಯೋಜನಾ ವೆಚ್ಚದ ಶೇ 40ರಷ್ಟನ್ನು ಸರ್ಕಾರ ನಿರ್ಮಾಣದ ಅವಧಿಯಲ್ಲೇ ಕೊಡುತ್ತದೆ. ಉಳಿದದ್ದನ್ನು ವರ್ಷಗಟ್ಟಲೆ ಕಂತುಗಳಲ್ಲಿ ತೀರಿಸುತ್ತದೆ. ಪದರಗಳ ವಿನ್ಯಾಸ ಗುತ್ತಿಗೆದಾರ ಕಂಪನಿಯ ಹೊಣೆ, ಪರಿಶೀಲನೆ ಸ್ವತಂತ್ರ ಎಂಜಿನಿಯರ್‌ ಅವರ ಹೊಣೆ. ಹಣ ತೆರುವವರು ತೆರಿಗೆದಾರರು ಮತ್ತು ಗಣೇಬೈಲ್ ಟೋಲ್ ನಾಕಾದಲ್ಲಿ ನಿಲ್ಲುವ ವಾಹನ ಸವಾರರು.

ನೆಲದಲ್ಲಿ ಐದು, ತಂತ್ರಾಂಶದಲ್ಲಿ ಮೂರು

ಡಾಂಬರು ಹೆದ್ದಾರಿಯೊಂದನ್ನು ಅಗೆದು ನೋಡಿದರೆ ಸಾಮಾನ್ಯವಾಗಿ ಐದು ಪದರಗಳು ಕಾಣುತ್ತವೆ. ಮೇಲೆ ಎರಡು ಡಾಂಬರು ಮಿಶ್ರಣದ ಪದರಗಳು, ಅವುಗಳ ಕೆಳಗೆ ನೀರು ಬೆರೆಸಿ ದಮ್ಮಸು ಮಾಡಿದ ಜಲ್ಲಿ (ಬೆಳಗಾವಿಯ ಕಡೆ ಇದಕ್ಕೆ ಖಡಿ ಎನ್ನುವುದೇ ರೂಢಿ), ಅದರ ಕೆಳಗೆ ನೀರು ಬಸಿಯುವ ಒರಟು ಹರಳಿನ ಪದರ, ಎಲ್ಲಕ್ಕೂ ಕೆಳಗೆ ಗಟ್ಟಿಗೊಳಿಸಿದ 500 ಮಿ.ಮೀ. ಮಣ್ಣು. ಈ ವಿನ್ಯಾಸಕ್ಕೆ ದೇಶದಲ್ಲಿ ಅನುಸರಿಸುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 37ನೇ ಸಂಖ್ಯೆಯ ಮಾರ್ಗಸೂಚಿ. 1970ರಲ್ಲಿ ಮೊದಲು ಹೊರಬಂದ ಇದು ಹಲವು ಬಾರಿ ಪರಿಷ್ಕೃತವಾಗಿ 2018ರ ರೂಪ ತಾಳಿದೆ. ಲೆಕ್ಕಾಚಾರಕ್ಕೆಂದು ಖರಗ್‌ಪುರದ ಐಐಟಿ ರೂಪಿಸಿದ ಐಐಟಿಪೇವ್ ಎಂಬ ತಂತ್ರಾಂಶವಿದೆ.

ಈ ತಂತ್ರಾಂಶ ಕೇಳುವ ಪ್ರಶ್ನೆಗಳು ಸರಳ. ಪದರಗಳೆಷ್ಟು? ಪ್ರತಿಯೊಂದರ ದಪ್ಪವೆಷ್ಟು, ಬಿಗಿ ಎಷ್ಟು? ಚಕ್ರದ ಭಾರವೆಷ್ಟು? ವಾಡಿಕೆಯಂತೆ ಎರಡು ಡಾಂಬರು ಪದರಗಳನ್ನು ಒಂದಾಗಿಯೂ ಎರಡು ಜಲ್ಲಿ ಪದರಗಳನ್ನು ಒಂದಾಗಿಯೂ ಭಾವಿಸಲಾಗುತ್ತದೆ. ಮಣ್ಣು ಸೇರಿದರೆ ಮೂರೇ ಪದರ. ಉತ್ತರವಾಗಿ ದೊರೆಯುವುದು ಮುಖ್ಯವಾಗಿ ಎರಡು ಅಂಕಿಗಳು: ಡಾಂಬರಿನ ತಳ ಎಷ್ಟು ಎಳೆಯಲ್ಪಡುತ್ತದೆ, ಮಣ್ಣಿನ ನೆತ್ತಿ ಎಷ್ಟು ಅದುಮಲ್ಪಡುತ್ತದೆ. ಮೊದಲನೆಯದು ಮಿತಿ ಮೀರಿದರೆ ಬಿರುಕು, ಎರಡನೆಯದು ಮೀರಿದರೆ ಗಾಲಿಯ ಜಾಡು. ರಾಷ್ಟ್ರೀಯ ಹೆದ್ದಾರಿಗೆ 20 ವರ್ಷ ಬಾಳಿಕೆ ದೊರೆಯುವಂತೆ ಇವೆರಡನ್ನೂ ಮಿತಿಯೊಳಗೆ ಇರಿಸಬೇಕು.

ಮಣ್ಣಿನ ಬಿಗಿ ಅಳೆಯುವುದು ಸಿಬಿಆರ್ ಎಂಬ ಪರೀಕ್ಷೆಯಿಂದ. ದಮ್ಮಸು ಮಾಡಿದ ಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ, ಉಕ್ಕಿನ ದಂಡವನ್ನು ಅದರೊಳಗೆ ಒತ್ತಿ, ಪುಡಿಗಲ್ಲಿಗೆ ಹೋಲಿಸಿದರೆ ಅದು ಶೇಕಡಾ ಎಷ್ಟು ತಡೆಯುತ್ತದೆ ಎಂದು ನೋಡಲಾಗುತ್ತದೆ. ಮಾರ್ಗಸೂಚಿಯ ಸೂತ್ರದಂತೆ ಸಿಬಿಆರ್ 8 ಇದ್ದರೆ ಮಣ್ಣಿನ ಬಿಗಿ ಸುಮಾರು 67 ಮೆಗಾಪಾಸ್ಕಲ್. 5 ಇದ್ದರೆ 50. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಜಲ್ಲಿ ಪದರದ ಬಿಗಿಯನ್ನೂ ಕೆಳಗಿನ ಮಣ್ಣಿನ ಬಿಗಿಯಿಂದಲೇ ಲೆಕ್ಕ ಹಾಕಲಾಗುತ್ತದೆ. 450 ಮಿ.ಮೀ. ಜಲ್ಲಿಗೆ ಮೊದಲ ಪ್ರಸಂಗದಲ್ಲಿ 208 ಬಂದರೆ ಎರಡನೆಯದರಲ್ಲಿ ಬರುವುದು 156. ಅಂದರೆ ಮಣ್ಣಿನ ಬಗ್ಗೆ ಆದ ತಪ್ಪು ಅಲ್ಲಿಗೇ ನಿಲ್ಲದೆ ಮೇಲಿನ ಪದರಕ್ಕೂ ಹತ್ತುತ್ತದೆ. ಮಣ್ಣಿನ ನೆತ್ತಿಯ ಮೇಲಿನ ಒತ್ತಡದ ಪರಿಣಾಮ ಶೇ 10ರಷ್ಟು ಹೆಚ್ಚಿದರೆ, ಅದೇ ಮಾರ್ಗಸೂಚಿಯ ಸಮೀಕರಣದ ಪ್ರಕಾರ ರಸ್ತೆಯ ಬಾಳಿಕೆ ಶೇ 35ರಷ್ಟು ಕುಸಿಯುತ್ತದೆ.

ಗದ್ದೆಯ ಮೇಲೆ ಹೆದ್ದಾರಿ

ಬೆಳಗಾವಿ ಇರುವುದೇ ಎರಡು ನೆಲಗಳ ಸಂಧಿಯಲ್ಲಿ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಎರೆಮಣ್ಣು. ಪಶ್ಚಿಮಕ್ಕೆ ಸಹ್ಯಾದ್ರಿಯ ಕೆಂಪು ಜಂಬಿಟ್ಟಿಗೆ. ಖಾನಾಪುರದ ಜೇಡಿಮಣ್ಣು ಹೆಂಚು ಮತ್ತು ಕುಂಬಾರಿಕೆಗೆ ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವೂ ಇಲ್ಲಿದೆ. ಹೆಂಚಿಗೆ ಹೇಳಿ ಮಾಡಿಸಿದ ಮಣ್ಣು ರಸ್ತೆಗೂ ಒಳ್ಳೆಯದೆಂದು ಭಾವಿಸುವಂತಿಲ್ಲ. ಪಶ್ಚಿಮಕ್ಕೆ ಹೋದಂತೆ ಮಳೆಯೂ ಏರುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನಲ್ಲೇ ಇದೆ. ಇಂತಹ ದಾರಿಗೆ ಉದ್ದಕ್ಕೂ ಒಂದೇ ಸಿಬಿಆರ್ ಅಂಕಿ ಸಾಲದು; ಮಣ್ಣು ಬದಲಾದಲ್ಲೆಲ್ಲ ವಿನ್ಯಾಸವೂ ಬದಲಾಗಬೇಕು.

ಇನ್ನೂ ಸೂಕ್ಷ್ಮವಾದದ್ದು ಹಲಗಾ–ಮಚ್ಛೆ ಬೈಪಾಸ್. ಪುಣೆ–ಬೆಂಗಳೂರು ಹೆದ್ದಾರಿಯನ್ನು ಖಾನಾಪುರ ರಸ್ತೆಗೆ ಜೋಡಿಸುವ ಈ ಮಾರ್ಗಕ್ಕೆ ಫಲವತ್ತಾದ ಭೂಮಿ ಬಿಟ್ಟುಕೊಡಲು ರೈತರು ನಿರಾಕರಿಸಿದ್ದು, ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದು ಜಿಲ್ಲೆಯ ಜನರಿಗೆ ತಿಳಿದ ಸಂಗತಿ. ಭೂಸ್ವಾಧೀನದ ನ್ಯಾಯಾನ್ಯಾಯ ಬೇರೆಯೇ ಚರ್ಚೆ. ತಾಂತ್ರಿಕವಾಗಿ ನೋಡಿದರೂ ರೈತರ ಮಾತಿನಲ್ಲಿ ಒಂದು ಸತ್ಯವಿದೆ: ನೀರನ್ನು ಹಿಡಿದಿಟ್ಟು ಭತ್ತ ಬೆಳೆಯುವ ನೆಲ, ಪ್ರತಿ ಮಳೆಗಾಲ ಬಳ್ಳಾರಿ ನಾಲೆ ಉಕ್ಕಿದಾಗ ಮುಳುಗುವ ನೆಲ, ಹೆದ್ದಾರಿಗೆ ಅತ್ಯಂತ ದುರ್ಬಲ ತಳಹದಿ. ಅಲ್ಲಿ ಬೇರೆಡೆಯಿಂದ ತಂದ ಒಳ್ಳೆಯ ಗರಸನ್ನು 500 ಮಿ.ಮೀ. ಹರಡಿ, ಆ ಗರಸಿನ ಸಿಬಿಆರ್ ಅನ್ನು ಮಾತ್ರ ತಂತ್ರಾಂಶಕ್ಕೆ ಕೊಟ್ಟರೆ ಪರದೆಯ ಮೇಲೆ ರಸ್ತೆ ಗಟ್ಟಿಯಾಗಿಯೇ ಕಾಣುತ್ತದೆ. ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಗರಸು ಮತ್ತು ಅದರ ಕೆಳಗಿನ ನೆಲ ಎರಡನ್ನೂ ಪ್ರತ್ಯೇಕ ಪದರಗಳಾಗಿ ಕೊಟ್ಟು, 40,000 ನ್ಯೂಟನ್ ಚಕ್ರಭಾರಕ್ಕೆ ಎಷ್ಟು ಕುಸಿಯುತ್ತದೆಂದು ನೋಡಿ, ಅದರಿಂದ ಪರಿಣಾಮಕಾರಿ ಬಿಗಿಯನ್ನು ಕಂಡುಕೊಳ್ಳಬೇಕು ಎನ್ನುತ್ತದೆ. ಒಂದು ಸಾಲಿನ ಈ ಹೆಚ್ಚುವರಿ ಲೆಕ್ಕ ನಡೆದಿದೆಯೇ ಎಂಬುದೇ ಇಂತಹ ಮಾರ್ಗಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಬಾಳಿಕೆಯ ಲೆಕ್ಕ ಒಂದು ತಂತ್ರಾಂಶದಲ್ಲಿ ನಡೆದರೆ, ನಕ್ಷೆ ಮತ್ತು ಸಾಮಗ್ರಿಯ ಪ್ರಮಾಣ ಸಿದ್ಧವಾಗುವುದು ಎಂಎಕ್ಸ್ ರೋಡ್, ಸಿವಿಲ್ ತ್ರೀಡಿಗಳಂತಹ ಬೇರೆ ತಂತ್ರಾಂಶಗಳಲ್ಲಿ. ಅಲ್ಲಿ ಪದರವೆಂದರೆ ಬಿಗಿಯಲ್ಲ, ಕೇವಲ ಆಕಾರ: ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಪ್ಪ, ಎಷ್ಟು ಇಳಿಜಾರು. ನೀರು ಬಸಿಯುವ ಪದರವನ್ನು ಇಲ್ಲಿ ಡಾಂಬರಿನ ಅಂಚಿಗೇ ನಿಲ್ಲಿಸಿದರೆ ಘನ ಮೀಟರುಗಳ ಲೆಕ್ಕದಲ್ಲಿ ಉಳಿತಾಯ ಕಾಣುತ್ತದೆ. ಆದರೆ ಒಳಗಿಳಿದ ನೀರಿಗೆ ಹೊರದಾರಿಯಿಲ್ಲದೆ ರಸ್ತೆಯ ಒಡಲೇ ತೊಟ್ಟಿಯಾಗುತ್ತದೆ. ಆ ಪದರ ಬದಿಯ ಇಳಿಜಾರಿನವರೆಗೆ ಚಾಚಿ, ಬಯಲಿಗೆ ತೆರೆದುಕೊಳ್ಳಬೇಕು. ಖಾನಾಪುರದ ಮಳೆಯಲ್ಲಿ ಈ ಒಂದೆರಡು ಮೀಟರು ಡಾಂಬರಿನ ಗುಣಮಟ್ಟಕ್ಕಿಂತ ಕಡಿಮೆ ಮುಖ್ಯವಲ್ಲ.

ಭಾರದ ಲೆಕ್ಕವೂ ಹಳೆಯದಾಗಿರುವ ಸಂಭವವಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಗಾಲಿಯ ಒಂಟಿ ಅಚ್ಚಿನ ಮೇಲೆ ಹೊರಬಹುದಾದ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಏರಿಕೆ ಶೇ 13ರಷ್ಟೇ ಆದರೂ ಹಾನಿ ಭಾರದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಬೆಳೆಯುವುದರಿಂದ ರಸ್ತೆಗೆ ತಟ್ಟುವ ಪೆಟ್ಟು ಶೇ 60ರಷ್ಟು ಹೆಚ್ಚು. ಅದಕ್ಕೆ ಮುನ್ನ ನಡೆದ ತೂಕ ಸಮೀಕ್ಷೆಯನ್ನೇ ನಂಬಿದ ಯಾವುದೇ ವಿನ್ಯಾಸ ಮರುಪರಿಶೀಲನೆಗೆ ಅರ್ಹ. ಕಬ್ಬಿನ ಹಂಗಾಮಿನಲ್ಲಿ ಈ ಜಿಲ್ಲೆಯ ರಸ್ತೆಗಳು ಹೊರುವ ಹೇರು ಯಾವ ಸಮೀಕ್ಷೆಯಲ್ಲಿ ಪೂರ್ತಿ ಸಿಕ್ಕೀತೋ ಹೇಳುವುದು ಕಷ್ಟ.

ನಗರದೊಳಗಿನ ಸ್ಥಿತಿ ಬೇರೆ. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ಬೆಳಗಾವಿಯಲ್ಲಿ ಕಾಂಕ್ರೀಟ್ ರಸ್ತೆಗಳು ಬಂದವು. ಕಾಂಕ್ರೀಟಿಗೆ ಮಣ್ಣಿನ ಹಂಗು ಕಡಿಮೆಯೇ ಹೊರತು ಇಲ್ಲವೆಂದಲ್ಲ. ಉಳಿದ ಬೀದಿಗಳಲ್ಲಿ ಕುಡಿಯುವ ನೀರಿನ ಕೊಳವೆಗೆಂದೋ ಕೇಬಲಿಗೆಂದೋ ಅಗೆದ ಕಾಲುವೆಗೆ ಅಗೆದ ಮಣ್ಣನ್ನೇ ಮರಳಿ ತುಂಬಿ ಮೇಲೆ ಡಾಂಬರು ಬಳಿದರೆ, ಕೆಳಗಿದ್ದ ಪದರಗಳ ವ್ಯವಸ್ಥೆ ಅಷ್ಟಗಲಕ್ಕೆ ಇಲ್ಲವಾದಂತೆಯೇ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ನಿರ್ಮಿಸುವ ಹಳ್ಳಿಯ ರಸ್ತೆಯ ಬದಿಯಲ್ಲಿ, ಯಾವ ಪದರಕ್ಕೆ ಎಷ್ಟು ಸಾಮಗ್ರಿ ಬಳಸಲಾಗಿದೆ ಎಂದು ಸ್ಥಳೀಯ ಭಾಷೆಯಲ್ಲಿ ಬರೆದ ಫಲಕ ನಿಲ್ಲಿಸಬೇಕೆಂಬ ನಿಯಮವಿದೆ. ಟೋಲ್ ತೆತ್ತು ಸಾಗುವ ಹೆದ್ದಾರಿಗೂ ಇದನ್ನು ಅನ್ವಯಿಸುವುದಕ್ಕೆ ತಾಂತ್ರಿಕ ಅಡ್ಡಿ ಏನೂ ಕಾಣದು. ಪ್ರತಿ ಭಾಗದ ಸಿಬಿಆರ್, ಪದರಗಳ ದಪ್ಪ, ಊಹಿಸಿದ ವಾಹನ ಭಾರ: ಒಂದು ಪುಟದ ಕೋಷ್ಟಕ ಸಾಕು.

ಕೋಷ್ಟಕ ನಿಜವೇ ಎಂದು ರಸ್ತೆ ಅಗೆಯದೆ ತಿಳಿಯುವ ಉಪಾಯವೂ ಇದೆ. ಭಾರವನ್ನು ಮೇಲಿನಿಂದ ಬೀಳಿಸಿ ರಸ್ತೆ ಎಷ್ಟು ಬಾಗುತ್ತದೆಂದು ಅಳೆದು, ಪ್ರತಿ ಪದರದ ಬಿಗಿಯನ್ನು ಹಿಮ್ಮುಖವಾಗಿ ಲೆಕ್ಕ ಹಾಕುವ ವಿಧಾನಕ್ಕೆ 2014ರಿಂದಲೇ ಪ್ರತ್ಯೇಕ ಮಾರ್ಗಸೂಚಿ ಜಾರಿಯಲ್ಲಿದೆ. ರಾಜ್ಯದ ಎಂಜಿನಿಯರಿಂಗ್ ಶಿಕ್ಷಣದ ಕೇಂದ್ರವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೇ ರಸ್ತೆಯಂಚಿನ ಮಚ್ಛೆಯಲ್ಲಿದೆ. ಮಣ್ಣು ಅತಿ ಮೆತ್ತಗಾಗುವ ಮಳೆಗಾಲದ ಕೊನೆಯಲ್ಲಿ, ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಇಂತಹ ಸಂಸ್ಥೆಯಿಂದ ಮಚ್ಛೆಯಿಂದ ಖಾನಾಪುರದವರೆಗೆ ಒಮ್ಮೆ ಈ ಪರೀಕ್ಷೆ ನಡೆಸಿ, ಫಲಿತಾಂಶವನ್ನು ವಿನ್ಯಾಸದ ಅಂಕಿಗಳ ಪಕ್ಕದಲ್ಲೇ ಪ್ರಕಟಿಸುವಂತೆ ಹೆದ್ದಾರಿ ಪ್ರಾಧಿಕಾರವನ್ನು ಒತ್ತಾಯಿಸುವುದು ಜಿಲ್ಲೆಯ ಜನಪ್ರತಿನಿಧಿಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.